ಕನ್ನಡ ಬಾರದ ಕರ್ನಲ್, ಕನ್ನಡ ನಾಡಿನ ನಕ್ಷೆ: ದೆಹಲಿಯ ಪತ್ರಾಗಾರದವರೆಗೆ ಬಂದ ಕಾಲಿನ್ ಮೆಕೆಂಜಿಯ ಕಥೆ

ನವದೆಹಲಿ: ಕರ್ತವ್ಯ ಪಥವನ್ನು ಜನಪಥ ರಸ್ತೆ ಅಡ್ಡ ಹಾಯುವ ಜಾಗದಲ್ಲಿ ಲಚ್ಯೆನ್ಸ್ ವಿನ್ಯಾಸದ ಒಂದು ಹಳೆಯ ಕಟ್ಟಡವಿದೆ. ಇಂಡಿಯಾ ಗೇಟ್ ನೋಡಲು ಹೋಗುವವರು ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ, ಒಳಗೆ ಏನಿದೆ ಎಂದು ಕೇಳುವವರು ಕಡಿಮೆ. ಅದು ನ್ಯಾಷನಲ್ ಆರ್ಕೈವ್ಸ್, ಅಂದರೆ ರಾಷ್ಟ್ರೀಯ ಪತ್ರಾಗಾರ. ಅಲ್ಲಿನ ಕಪಾಟುಗಳಲ್ಲಿ ಸರ್ವೆ ಇಲಾಖೆಯ 18 ಮತ್ತು 19ನೇ ಶತಮಾನದ ಕೈಬರಹದ ನಕ್ಷೆಗಳಿವೆ, ಸರ್ವೆಯರ್‌ಗಳು ಬರೆದಿಟ್ಟ ವರದಿ ಪುಸ್ತಕಗಳಿವೆ. ಟಿಪ್ಪು ಸುಲ್ತಾನ್ ಸತ್ತ ಮರುವರ್ಷದಿಂದ ಮೈಸೂರು ಸೀಮೆಯನ್ನು ಊರೂರು ಅಲೆದು ಅಳೆದವರ ಕಾಗದಗಳೂ ಅವುಗಳಲ್ಲಿ ಸೇರಿವೆ.

ಆ ಅಳತೆ ಮಾಡಿಸಿದವನು ಕಾಲಿನ್ ಮೆಕೆಂಜಿ. ಭಾರತದ ಮೊದಲ ಸರ್ವೆಯರ್ ಜನರಲ್. ಹಂಪಿಯ ಮೊದಲ ನಕ್ಷೆ ತಯಾರಿಸಿದವನು ಎಂದು ನಮ್ಮ ಪಠ್ಯಪುಸ್ತಕ, ಪ್ರವಾಸಿ ಕೈಪಿಡಿಗಳಲ್ಲಿ ಒಂದು ಸಾಲಿನಲ್ಲಿ ಬಂದು ಹೋಗುತ್ತಾನೆ. ಅದರಾಚೆಗೆ ಈತ ನಮಗೆ ಯಾಕೆ ಮುಖ್ಯ? ಕರ್ನಾಟಕದ ನೂರಾರು ಹಳ್ಳಿಗಳ ಬಗ್ಗೆ ಸಿಗುವ ಅತ್ಯಂತ ಹಳೆಯ ವಿವರವಾದ ದಾಖಲೆ, ನಕ್ಷೆಯಾಗಲಿ ಕೈಫಿಯತ್ತಾಗಲಿ, ಈತನ ತಂಡ ಮಾಡಿಟ್ಟದ್ದು. ಅದನ್ನು ನೋಡಬೇಕೆಂದರೆ ಇವತ್ತು ಬೆಂಗಳೂರಿಗೋ ಮೈಸೂರಿಗೋ ಹೋದರೆ ಸಾಲದು.

ಕಸ್ಟಮ್ಸ್ ಕಚೇರಿಯಿಂದ ಮದ್ರಾಸಿಗೆ

ಮೆಕೆಂಜಿ ಹುಟ್ಟಿದ್ದು ಸ್ಕಾಟ್ಲೆಂಡಿನ ವಾಯವ್ಯಕ್ಕಿರುವ ಲೂಯಿಸ್ ದ್ವೀಪದ ಸ್ಟೋರ್ನೊವೇ ಎಂಬ ಬಂದರು ಊರಿನಲ್ಲಿ, 1754ರ ಆಸುಪಾಸಿನಲ್ಲಿ. ತಂದೆ ಮರ್ಡಾಕ್ ವ್ಯಾಪಾರಿ, ಊರಿನ ಪೋಸ್ಟ್ ಮಾಸ್ಟರ್ ಕೂಡ. ಮಗ ಅಲ್ಲೇ ಕಸ್ಟಮ್ಸ್ ಕೆಲಸಕ್ಕೆ ಸೇರಿದ. ಹಾಗೇ ಇದ್ದಿದ್ದರೆ ಹಡಗುಗಳ ಸರಕು ಲೆಕ್ಕ ಬರೆಯುತ್ತಲೇ ಆಯುಷ್ಯ ಮುಗಿಯುತ್ತಿತ್ತು.

ಆದರೆ ಆತನಿಗೆ ಗಣಿತದ ಹುಚ್ಚಿತ್ತು. ಲಾರ್ಡ್ ನೇಪಿಯರ್ ಎಂಬ ಶ್ರೀಮಂತರೊಬ್ಬರು ತಮ್ಮ ಪೂರ್ವಜ ಜಾನ್ ನೇಪಿಯರ್ ಅವರ ಜೀವನಚರಿತ್ರೆ ಬರೆಯಲು ಹೊರಟಿದ್ದರು. ಯಾರು ಈ ಜಾನ್ ನೇಪಿಯರ್ ಅಂದರೆ, ಪಿಯುಸಿಯಲ್ಲಿ ಲಾಗರಿದಮ್ ಟೇಬಲ್ ಹಿಡಿದು ತಲೆ ಕೆಡಿಸಿಕೊಂಡವರೆಲ್ಲ ಮನಸ್ಸಿನಲ್ಲೇ ಬೈದುಕೊಂಡಿರುವ ವ್ಯಕ್ತಿ. ಭಾರತೀಯರ ಗಣಿತದ ಬಗ್ಗೆ ಮಾಹಿತಿ ಸಂಗ್ರಹಿಸುವ ಕೆಲಸ ಮೆಕೆಂಜಿಯ ಪಾಲಿಗೆ ಬಂತು. ಲಾರ್ಡ್ ನೇಪಿಯರ್ ತೀರಿಕೊಂಡರು, ಪುಸ್ತಕ ಅಲ್ಲಿಗೆ ನಿಂತಿತು. ಭಾರತದ ಮೇಲಿನ ಕುತೂಹಲ ಮಾತ್ರ ಉಳಿಯಿತು.

1783ರ ಸೆಪ್ಟೆಂಬರ್‌ನಲ್ಲಿ ಆತ ಮದ್ರಾಸ್ ತಲುಪಿದ. ಆಗ ವಯಸ್ಸು ಸುಮಾರು 29. ಈಸ್ಟ್ ಇಂಡಿಯಾ ಕಂಪನಿಯ ಸೇನೆಗೆ ಕೆಡೆಟ್ ಆಗಿ ಸೇರುವವರು ಸಾಮಾನ್ಯವಾಗಿ ಹದಿನಾರು, ಹದಿನೇಳರ ಹುಡುಗರು. ಅವರ ನಡುವೆ ಈತ ವಯಸ್ಸಾದ ಹೊಸಬ. ಮೂರು ವರ್ಷದ ನಂತರ, 1786ರಲ್ಲಿ, ಎಂಜಿನಿಯರ್ ವಿಭಾಗಕ್ಕೆ ವರ್ಗವಾಯಿತು. ಸ್ಕಾಟ್ಲೆಂಡಿಗೆ ಆತ ಮತ್ತೆಂದೂ ಮರಳಲಿಲ್ಲ.

ಮಧುರೈನಲ್ಲಿ ಲಾರ್ಡ್ ನೇಪಿಯರ್ ಅವರ ಮಗಳು ಹೆಸ್ಟರ್ ಜಾನ್‌ಸ್ಟನ್ ಇದ್ದರು. ಅವರ ಮನೆಯಲ್ಲಿ ಸೇರುತ್ತಿದ್ದ ಪಂಡಿತರ ಪರಿಚಯ ಮೆಕೆಂಜಿಗೆ ಆಯಿತು. ಹಳೆಯ ಗ್ರಂಥ, ಶಾಸನ ಕೂಡಿಸುವ ಆಸೆ ಹುಟ್ಟಿದ್ದು ಅಲ್ಲಿ ಎಂದು ಹೆಸ್ಟರ್ ಅವರ ಮಗ ಅಲೆಕ್ಸಾಂಡರ್ ಜಾನ್‌ಸ್ಟನ್ ಮುಂದೆ ಹೇಳಿಕೊಂಡಿದ್ದಾರೆ. ಇರಬಹುದು. ಆದರೆ ಆಸೆಗೆ ಕೈಕಾಲು ಬಂದದ್ದು ಅದಾಗಿ ಹತ್ತಾರು ವರ್ಷದ ನಂತರ, ಯುದ್ಧ ಮುಗಿದ ಮೈಸೂರಿನಲ್ಲಿ.

ಮೊದಲು ತೋಪು, ಆಮೇಲೆ ಅಳತೆ

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಮೆಕೆಂಜಿ ಸಂಸ್ಕೃತಿ ಪ್ರೇಮದಿಂದ ಕರ್ನಾಟಕಕ್ಕೆ ಬಂದವನಲ್ಲ, ಶತ್ರು ಸೇನೆಯ ಜೊತೆ ಬಂದವನು. ಮೂರನೇ ಆಂಗ್ಲೋ-ಮೈಸೂರು ಯುದ್ಧದಲ್ಲೂ ಇದ್ದ, 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲೂ ಎಂಜಿನಿಯರ್ ಆಗಿ ಕೆಲಸ ಮಾಡಿದ.

ಆ ಕಾಲದ ಸೇನೆಗೆ ನಕ್ಷೆ ಯಾಕೆ ಬೇಕಿತ್ತು ಎಂಬುದಕ್ಕೆ 1791ರ ಮೇ ತಿಂಗಳೇ ಸಾಕ್ಷಿ. ಬೆಂಗಳೂರು ಕೋಟೆ ಗೆದ್ದ ಲಾರ್ಡ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲ ತನಕ ಹೋಗಿದ್ದ. ಮಳೆ ಹಿಡಿಯಿತು, ಎತ್ತುಗಳಿಗೆ ಮೇವಿಲ್ಲ, ಸೈನಿಕರಿಗೆ ಧಾನ್ಯವಿಲ್ಲ. ಕೊನೆಗೆ ತನ್ನದೇ ದೊಡ್ಡ ತೋಪುಗಳನ್ನು ನಾಶಮಾಡಿ ಹಿಂದಿರುಗಬೇಕಾಯಿತು. ಯಾವ ದಾರಿಯಲ್ಲಿ ಗಾಡಿ ಹೋಗುತ್ತದೆ, ಯಾವ ಕೆರೆಯಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆ, ಯಾವ ಹೋಬಳಿಯಲ್ಲಿ ದವಸ ಸಿಗುತ್ತದೆ ಎಂಬುದು ಗೊತ್ತಿಲ್ಲದ ಸೇನೆಗೆ ತೋಪಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಮೊದಲ ಯುದ್ಧಕ್ಕೂ ಎರಡನೆಯದಕ್ಕೂ ನಡುವಿನ ವರ್ಷಗಳಲ್ಲಿ ಮೆಕೆಂಜಿ ಹೈದರಾಬಾದ್ ನಿಜಾಮರ ಸೀಮೆಯಲ್ಲಿ ಅಳತೆ ಕೆಲಸ ಮಾಡಿದ. ಕೃಷ್ಣಾ ತೀರದ ಅಮರಾವತಿಯ ಬೌದ್ಧ ಸ್ತೂಪದ ಶಿಲ್ಪಗಳನ್ನು ಮೊದಲು ನೋಡಿದ್ದೂ ಆಗಲೇ.

1799ರ ಮೇ 4ರಂದು ಟಿಪ್ಪು ಹತನಾದ. ರಾಜ್ಯವನ್ನು ಕಂಪನಿ, ನಿಜಾಮ ಹಂಚಿಕೊಂಡರು. ನಡುವಿನ ಭಾಗವನ್ನು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ್‌ಗೆ ಬಿಟ್ಟುಕೊಟ್ಟರು, ಆಡಳಿತ ದಿವಾನ್ ಪೂರ್ಣಯ್ಯನವರ ಕೈಯಲ್ಲಿ. ಕಾಗದದ ಮೇಲೆ ಹಂಚಿಕೊಂಡದ್ದೇನೋ ಸರಿ, ಆದರೆ ಯಾವ ಹಳ್ಳಿ ಯಾರ ಪಾಲು? ಗಡಿ ಯಾವ ಹಳ್ಳದ ಈಚೆ, ಯಾವ ಗುಡ್ಡದ ಆಚೆ? ಅದನ್ನು ನೆಲದ ಮೇಲೆ ಹುಡುಕಿ ಗುರುತಿಸಬೇಕಿತ್ತು. ಗವರ್ನರ್ ಜನರಲ್ ವೆಲ್ಲೆಸ್ಲಿ ಮೈಸೂರು ಸರ್ವೆಗೆ ಆದೇಶ ಕೊಟ್ಟ, ಹೊಣೆ ಮೆಕೆಂಜಿಯದಾಯಿತು.

ಅದೇ ಹೊತ್ತಿಗೆ ಇನ್ನೊಬ್ಬ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಯಲಿನಲ್ಲಿ ಸರಪಳಿ ಹಿಡಿದು ಆಧಾರರೇಖೆ ಅಳೆಯುತ್ತಿದ್ದ. ಮುಂದೆ ಹಿಮಾಲಯದವರೆಗೆ ಹೋದ ಮಹಾ ತ್ರಿಕೋನ ಸರ್ವೆಯ ಪೂರ್ವಭಾವಿ ಕೆಲಸ ಅದು. ಇಬ್ಬರ ದಾರಿ ಬೇರೆ. ಲ್ಯಾಂಬ್ಟನ್‌ಗೆ ಬೇಕಿದ್ದದ್ದು ಭೂಮಿಯ ಆಕಾರ, ಮೆಕೆಂಜಿಗೆ ಬೇಕಿದ್ದದ್ದು ಊರು.

ಗುಡ್ಡದ ಮೇಲಿನ ದುರ್ಬೀನು, ಊರೊಳಗಿನ ಪ್ರಶ್ನೆ

ಸರ್ವೆ ಹೇಗೆ ನಡೆಯುತ್ತಿತ್ತು? ಮೊದಲು ಸಮತಟ್ಟಾದ ಜಾಗದಲ್ಲಿ ಒಂದು ಗೆರೆಯ ಉದ್ದವನ್ನು ಬಹಳ ಎಚ್ಚರಿಕೆಯಿಂದ ಅಳೆಯುತ್ತಾರೆ. ಅದರ ಎರಡೂ ತುದಿಯಿಂದ ದೂರದ ಬೆಟ್ಟದ ತುದಿಯೊಂದನ್ನು ಥಿಯೋಡೊಲೈಟ್‌ನಲ್ಲಿ ನೋಡಿ ಕೋನ ಗುರುತಿಸುತ್ತಾರೆ. ಒಂದು ಬದಿ, ಎರಡು ಕೋನ ಗೊತ್ತಾದರೆ ತ್ರಿಕೋನ ಪೂರ್ತಿಯಾಗುತ್ತದೆ. ಆ ಬೆಟ್ಟದಿಂದ ಮುಂದಿನ ಬೆಟ್ಟಕ್ಕೆ ಇನ್ನೊಂದು ತ್ರಿಕೋನ, ಹೀಗೆ ಬಲೆ ಹೆಣೆಯುತ್ತಾ ಹೋಗುವುದು. ಆಮೇಲೆ ಪ್ರತಿ ತ್ರಿಕೋನದೊಳಗೆ ಊರು, ಕೆರೆ, ದಾರಿ, ಕೋಟೆ, ಕಾಡು ತುಂಬುವುದು. ದಾರಿಯ ಉದ್ದಕ್ಕೆ ಚಕ್ರ ಉರುಳಿಸಿ ಸುತ್ತು ಎಣಿಸುತ್ತಿದ್ದರು. ದುರ್ಗಗಳ ನಾಡಾದ ಮೈಸೂರಿನಲ್ಲಿ ಬೆಟ್ಟಕ್ಕೇನೂ ಬರವಿರಲಿಲ್ಲ.

ಇಷ್ಟು ಮಾಡಿ ಮುಗಿಸಿದ್ದರೆ ಅದೊಂದು ಸೇನಾ ನಕ್ಷೆಯಾಗುತ್ತಿತ್ತು. ಮೆಕೆಂಜಿ ಅಲ್ಲಿಗೆ ನಿಲ್ಲಲಿಲ್ಲ. ಪ್ರತಿ ಸೀಮೆಗೂ ನಕ್ಷೆಯ ಜೊತೆ ಒಂದು ವರದಿ ಪುಸ್ತಕ ಬೇಕು ಎಂದ. ಹಳ್ಳಿಗಳೆಷ್ಟು, ಕೆರೆಗಳೆಷ್ಟು, ಬಾವಿಗಳೆಷ್ಟು, ಮನೆಗಳೆಷ್ಟು, ಯಾವ ಬೆಳೆ, ಯಾವ ಕಸುಬು, ಸಂತೆ ಎಲ್ಲಿ. ಅದರ ಮೇಲೆ, ಈ ಊರನ್ನು ಕಟ್ಟಿದವರು ಯಾರು, ಆಳಿದವರು ಯಾರು, ದೇವಸ್ಥಾನಕ್ಕೆ ದತ್ತಿ ಕೊಟ್ಟವರು ಯಾರು ಎಂಬ ಪ್ರಶ್ನೆಗಳು.

ಲಂಡನ್ನಿನ ಕಂಪನಿ ನಿರ್ದೇಶಕರಿಗೆ ಇದು ದುಂದುವೆಚ್ಚವಾಗಿ ಕಂಡಿತು. ಸರ್ವೆ ಆರಂಭವಾದ ಸ್ವಲ್ಪ ಕಾಲಕ್ಕೇ ಖರ್ಚಿಗೆ ಕತ್ತರಿ ಬಿತ್ತು. ತಂಡದ ಸರ್ಜನ್ ಮತ್ತು ನಿಸರ್ಗ ವಿಜ್ಞಾನಿಯಾಗಿ ಬಂದಿದ್ದ ಬೆಂಜಮಿನ್ ಹೇನ್ ಹೊರನಡೆದ. ಲಾಲ್‌ಬಾಗ್‌ನ ಉಸ್ತುವಾರಿಯನ್ನೂ ನೋಡಿಕೊಂಡಿದ್ದ ಸಸ್ಯಶಾಸ್ತ್ರಜ್ಞ ಈತ. ಶಾಸನ ಮತ್ತು ಗ್ರಂಥ ಸಂಗ್ರಹದ ಖರ್ಚಿನ ಬಹುಪಾಲನ್ನು ಮೆಕೆಂಜಿ ತನ್ನ ಸಂಬಳದಿಂದಲೇ ಕೊಟ್ಟ. ಸಹಾಯಕ್ಕೆ ಇದ್ದವರಲ್ಲಿ ಮದ್ರಾಸಿನ ಸರ್ವೆ ಶಾಲೆಯಲ್ಲಿ ಕಲಿತ ಹದಿಹರೆಯದ ಹುಡುಗರೂ ಸೇರಿದ್ದರು. ಕಾಡುಸೀಮೆಯ ಜ್ವರ ಒಬ್ಬರನ್ನೂ ಬಿಡಲಿಲ್ಲ.

ಈ ತಂಡದ ಒಬ್ಬ ಸಹಾಯಕನ ಹೆಸರು ಇಲ್ಲಿ ಹೇಳಲೇಬೇಕು. ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ಮೈಸೂರಿನ ಪೂರ್ವ ಗಡಿ ಅಳೆಯುತ್ತಿದ್ದಾಗ ಕೋಲಾರದ ಕಡೆ ಮಣ್ಣಲ್ಲಿ ಚಿನ್ನ ಸಿಗುತ್ತದೆ ಎಂಬ ಮಾತು ಕಿವಿಗೆ ಬಿತ್ತು. ತೋರಿಸಿದವರಿಗೆ ಬಹುಮಾನ ಎಂದ. ಉರಿಗಾಂ ಕಡೆಯ ಹಳ್ಳಿಯವರು ಗಾಡಿಯಲ್ಲಿ ಮಣ್ಣು ತುಂಬಿಕೊಂಡು ಬಂದು ಆತನ ಎದುರೇ ತೊಳೆದು ಚಿನ್ನದ ಕಣ ತೋರಿಸಿದರು. ಆಳದ ಗಣಿಗಾರಿಕೆ ಶುರುವಾಗಿದ್ದು ಏಳೆಂಟು ದಶಕದ ನಂತರ. ಆದರೆ ಕೆಜಿಎಫ್‌ನ ಆಧುನಿಕ ಕಥೆಯ ಮೊದಲ ಪುಟ ಈ ಮೈಸೂರು ಸರ್ವೆಯಲ್ಲೇ ಇದೆ. ಸಿನಿಮಾ ನೋಡಿದವರಿಗೆ ಇದನ್ನೂ ಹೇಳಬಹುದು.

ದಶಕದ ಕೊನೆಗೆ ಸುಮಾರು 40,000 ಚದರ ಮೈಲಿ ಅಳತೆ ಮುಗಿದಿತ್ತು. ಈಗಿನ ಲೆಕ್ಕದಲ್ಲಿ ಒಂದು ಲಕ್ಷ ಚದರ ಕಿಲೋಮೀಟರ್‌ಗೂ ಹೆಚ್ಚು, ಅಂದರೆ ಇವತ್ತಿನ ಕರ್ನಾಟಕದ ಅರ್ಧಕ್ಕಿಂತ ದೊಡ್ಡದಾದ ಪ್ರದೇಶ. ನಕ್ಷೆಗಳ ಜೊತೆ ಏಳು ದೊಡ್ಡ ಸಂಪುಟಗಳ ವರದಿ ಸಲ್ಲಿಕೆಯಾಯಿತು.

ಬೋರಯ್ಯ ಇಲ್ಲದಿದ್ದರೆ

ಈಗ ಶೀರ್ಷಿಕೆಯ ಮಾತಿಗೆ ಬರೋಣ. ಮೆಕೆಂಜಿಗೆ ಕನ್ನಡ ಬರುತ್ತಿರಲಿಲ್ಲ. ತೆಲುಗು, ತಮಿಳು, ಸಂಸ್ಕೃತವೂ ಅಷ್ಟಕ್ಕಷ್ಟೇ. ಭಾರತದಲ್ಲಿ ಮೂರು ದಶಕಕ್ಕೂ ಹೆಚ್ಚು ಕಳೆದ ಮೇಲೂ ಇಲ್ಲಿನ ಭಾಷೆಗಳನ್ನು ಕಲಿಯಲಾಗಲಿಲ್ಲ ಎಂಬುದನ್ನು ಆತನೇ ಬರೆದ ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ. ಹಾಗಾದರೆ ಶಾಸನ ಓದಿದವರು ಯಾರು? ಶಾನುಭೋಗರ ಜೊತೆ ಜಗಲಿಯಲ್ಲಿ ಕೂತು ಮಾತಾಡಿದವರು ಯಾರು?

ಕಾವಲಿ ವೆಂಕಟ ಬೋರಯ್ಯ. ಏಲೂರಿನ ತೆಲುಗು ಬ್ರಾಹ್ಮಣ ಕುಟುಂಬದ ಯುವಕ. 1796ರಲ್ಲಿ ಮೆಕೆಂಜಿಯ ದುಭಾಷಿಯಾಗಿ ಸೇರಿದಾಗ ವಯಸ್ಸು ಸುಮಾರು ಇಪ್ಪತ್ತು. ಸರ್ವೆ ತಂಡ ಊರು ತಲುಪುವ ಮೊದಲೇ ಬೋರಯ್ಯ ಹೋಗಿರುತ್ತಿದ್ದ. ಗೌಡರನ್ನು, ಅರ್ಚಕರನ್ನು, ಮಠದವರನ್ನು ಮಾತಾಡಿಸಿ ನಂಬಿಕೆ ಗಳಿಸುತ್ತಿದ್ದ. ನಿನ್ನೆ ಮೊನ್ನೆಯವರೆಗೂ ಯುದ್ಧ ಕಂಡ ಊರಿಗೆ ಕಂಪನಿಯವರು ಹಗ್ಗ, ದುರ್ಬೀನು ಹಿಡಿದು ಬಂದು ಎಷ್ಟು ಹೊಲ, ಎಷ್ಟು ಮನೆ ಎಂದು ಕೇಳಿದರೆ ಯಾರು ತಾನೆ ನಿಜ ಹೇಳುತ್ತಾರೆ? ಅಳತೆ ಎಂದರೆ ಕಂದಾಯ ಎಂಬುದು ಹಳ್ಳಿಯವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹಳಗನ್ನಡದ ಶಾಸನಗಳನ್ನು ಬಿಡಿಸಿ ಓದುವ ಕಷ್ಟದ ಕೆಲಸಕ್ಕೆ ಈತ ಕೈಹಾಕಿದ. ಜೈನ ಅರ್ಚಕರೊಬ್ಬರು ಹೇಳಿದ್ದನ್ನು ಇಂಗ್ಲಿಷಿಗೆ ತಂದು ಕೊಟ್ಟ. ಅದು ಕಲ್ಕತ್ತಾದ ಏಷಿಯಾಟಿಕ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಗುವಷ್ಟರಲ್ಲಿ ಬೋರಯ್ಯ ಇರಲಿಲ್ಲ. 1803ರಲ್ಲಿ ಮದ್ರಾಸಿನಲ್ಲಿ ತೀರಿಕೊಂಡ, ಮೂವತ್ತೂ ತುಂಬಿರಲಿಲ್ಲ.

ಅಣ್ಣನ ಜಾಗಕ್ಕೆ ತಮ್ಮ ಲಕ್ಷ್ಮಯ್ಯ ಬಂದ. ಮುಂದಿನ ಹದಿನೆಂಟು ವರ್ಷ ಈ ಸಂಗ್ರಹದ ನಿಜವಾದ ಮೇಲ್ವಿಚಾರಕ ಆತನೇ. ಸುತ್ತಾಟಕ್ಕೆ ಹೋದ ಗುಮಾಸ್ತರು ಎಲ್ಲಿದ್ದೇವೆ, ಏನು ಸಿಕ್ಕಿತು, ಯಾರು ಕೊಡಲು ಒಪ್ಪಲಿಲ್ಲ ಎಂದು ವರದಿ ಕಳಿಸುತ್ತಿದ್ದರು. ಜೈನ ಪಂಡಿತ ಧರ್ಮಯ್ಯ ಕರ್ನಾಟಕದ ಬಸದಿ, ಶಾಸನಗಳ ವಿಷಯದಲ್ಲಿ ತಂಡದ ಆಧಾರವಾಗಿದ್ದ.

ಹೀಗೆ ಊರಿನವರಿಂದ ಕೇಳಿ ಬರೆಸಿದ ಸ್ಥಳೀಯ ವೃತ್ತಾಂತವೇ ಕೈಫಿಯತ್ತು. ಅದರಲ್ಲಿ ಪುರಾಣವಿರುತ್ತದೆ, ಪಾಳೇಗಾರರ ವಂಶಾವಳಿ ಇರುತ್ತದೆ, ಕೆರೆ ಕಟ್ಟಿಸಿದ ಕಥೆ ಇರುತ್ತದೆ, ತಮ್ಮ ಮನೆತನಕ್ಕೆ ಅನುಕೂಲವಾಗುವಂತೆ ಹೇಳಿಕೊಂಡ ಉತ್ಪ್ರೇಕ್ಷೆಯೂ ಇರುತ್ತದೆ. ಹಾಗಂತ ತಳ್ಳಿಹಾಕುವ ಹಾಗಿಲ್ಲ. 1800ರ ಹೊತ್ತಿಗೆ ಆ ಊರಿನ ಜನ ತಮ್ಮ ಬಗ್ಗೆ ಏನು ನಂಬಿದ್ದರು ಎಂಬುದು ತಿಳಿಯಲು ಇದಕ್ಕಿಂತ ಹತ್ತಿರದ ಕಾಗದ ಬೇರೆ ಇಲ್ಲ.

ಕನ್ನಡ ಸಾಹಿತ್ಯಕ್ಕೂ ಇದರಿಂದ ಒಂದು ಪುಸ್ತಕ ಸಿಕ್ಕಿತು. 1804ರಲ್ಲಿ ಮೆಕೆಂಜಿ ಈಗಿನ ಚಾಮರಾಜನಗರ ಜಿಲ್ಲೆಯ ಮಲೆಯೂರಿಗೆ, ಅಂದರೆ ಜೈನರ ಕನಕಗಿರಿಗೆ ಬಂದಾಗ ಅಲ್ಲಿನ ದೇವಚಂದ್ರ ಎಂಬ ಪಂಡಿತನನ್ನು ಸ್ಥಳದ ಚರಿತ್ರೆ ಕೇಳಿದ. ಆ ಪ್ರಶ್ನೆ ದೇವಚಂದ್ರನ ತಲೆಯಲ್ಲಿ ಉಳಿಯಿತು. ದಶಕಗಳ ನಂತರ ಆತ ಬರೆದು ಮುಗಿಸಿದ ಕೃತಿಯೇ ರಾಜಾವಳಿ ಕಥಾಸಾರ.

ಹಂಪಿಯಿಂದ ಜಾವಾಕ್ಕೆ, ಅಲ್ಲಿಂದ ಕಲ್ಕತ್ತಾಕ್ಕೆ

ಹಂಪಿಯ ಪಾಳು ಅವಶೇಷಗಳ ನಡುವೆ ಮೆಕೆಂಜಿ ತಿರುಗಾಡಿದ್ದು ಶ್ರೀರಂಗಪಟ್ಟಣದ ಪತನವಾದ ಬೆನ್ನಲ್ಲೇ, 1799-1800ರಲ್ಲಿ. ಬಣ್ಣ ಹಾಕಿ ಬರೆಸಿದ ಆ ನಕ್ಷೆಯನ್ನೇ ಹಂಪಿಯ ಮೊದಲ ಸರ್ವೆ ಎಂದು ಪುರಾತತ್ವದವರು ಹೇಳುವುದು. ಆಗಿನ್ನೂ ಅಲ್ಲಿ ಟಿಕೆಟ್ ಕೌಂಟರ್ ಇರಲಿ, ಸರಿಯಾದ ದಾರಿಯೂ ಇರಲಿಲ್ಲ.

1811ರಲ್ಲಿ ಜಾವಾ ದಂಡಯಾತ್ರೆಗೆ ಎಂಜಿನಿಯರ್ ಆಗಿ ಹೋದ. ಅಲ್ಲೂ ಹಳೆಯ ಕಾಗದ ಕೂಡಿಸಿದ, ಅಲ್ಲೇ 1812ರಲ್ಲಿ ಡಚ್ ಮನೆತನದ ಪೆಟ್ರೊನೆಲ್ಲಾ ಬಾರ್ಟೆಲ್ಸ್ ಅವರನ್ನು ಮದುವೆಯಾದ. ಮದ್ರಾಸಿನ ಸರ್ವೆಯರ್ ಜನರಲ್ ಹುದ್ದೆ ಆಗಲೇ ಸಿಕ್ಕಿತ್ತು. 1815ರಲ್ಲಿ ಮದ್ರಾಸ್, ಬಾಂಬೆ, ಬಂಗಾಳದ ಪ್ರತ್ಯೇಕ ಹುದ್ದೆಗಳನ್ನು ಒಂದು ಮಾಡಿ ಇಡೀ ಭಾರತಕ್ಕೆ ಒಬ್ಬ ಸರ್ವೆಯರ್ ಜನರಲ್ ಎಂದಾದಾಗ ಮೊದಲ ಹೆಸರು ಮೆಕೆಂಜಿಯದ್ದು. ಆದರೂ ಎರಡು ವರ್ಷ ಮದ್ರಾಸು ಬಿಟ್ಟು ಕದಲಲಿಲ್ಲ. 1817ರಲ್ಲಿ ಕಲ್ಕತ್ತಾಕ್ಕೆ ಹೊರಟಾಗ ಗ್ರಂಥಗಳ ಪೆಟ್ಟಿಗೆಗಳೂ, ಲಕ್ಷ್ಮಯ್ಯ ಮತ್ತಿತರ ಪಂಡಿತರೂ ಜೊತೆಗಿದ್ದರು.

ಮದ್ರಾಸು ಬಿಡುವ ಮೊದಲು, 1816ರಲ್ಲಿ, ಥಾಮಸ್ ಹಿಕಿ ಎಂಬ ಚಿತ್ರಕಾರನ ಎದುರು ಕೂತು ತನ್ನ ಚಿತ್ರ ಬರೆಸಿಕೊಂಡ. ಕಂಪನಿ ಅಧಿಕಾರಿಗಳ ಚಿತ್ರಗಳು ನೂರಾರಿವೆ, ಇದು ಸ್ವಲ್ಪ ಬೇರೆ. ಕೆಂಪು ಕೋಟಿನ ಮೆಕೆಂಜಿಯ ಸುತ್ತ ಮೂವರು ಭಾರತೀಯರು ನಿಂತಿದ್ದಾರೆ. ಒಬ್ಬರ ಕೈಯಲ್ಲಿ ತಾಳೆಗರಿ, ಇನ್ನೊಬ್ಬರ ಕೈಯಲ್ಲಿ ದುರ್ಬೀನು. ಹಿಂದೆ ದೂರದಲ್ಲಿ ಬೆಟ್ಟದ ಮೇಲೆ ಒಂದು ಗೊಮ್ಮಟ. ಅದು ಕಾರ್ಕಳದ ಬಾಹುಬಲಿ ಎಂದು ಗುರುತಿಸಲಾಗಿದೆ. ಬದುಕಿನ ಅಷ್ಟೂ ಕೆಲಸಕ್ಕೆ ಹಿನ್ನೆಲೆಯಾಗಿ ಆತ ಆರಿಸಿಕೊಂಡದ್ದು ಕೋಟೆಯನ್ನಲ್ಲ, ಯುದ್ಧಭೂಮಿಯನ್ನೂ ಅಲ್ಲ, ನಮ್ಮ ಕರಾವಳಿಯ ಒಂದು ಮೂರ್ತಿಯನ್ನು.

ಸಂಗ್ರಹವನ್ನೆಲ್ಲ ಜೋಡಿಸಿ ಪಟ್ಟಿ ಮಾಡಿ ಪ್ರಕಟಿಸಬೇಕೆಂಬ ಆಸೆ ಇತ್ತು. ಆರೋಗ್ಯ ಕೈಕೊಟ್ಟಿತು. 1821ರ ಮೇ 8ರಂದು ಕಲ್ಕತ್ತಾದ ಬಳಿ ಮೆಕೆಂಜಿ ಕೊನೆಯುಸಿರೆಳೆದ. ಸಮಾಧಿ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿದೆ.

ಒಂದು ಲಕ್ಷ ರೂಪಾಯಿ, ಮೂರು ಊರು

ಸರ್ಕಾರದ ಕೆಲಸದ ನಡುವೆ ಕೂಡಿಸಿದ್ದರೂ ಈ ಸಂಗ್ರಹ ಮೆಕೆಂಜಿಯ ಸ್ವಂತ ಆಸ್ತಿ ಎಂದೇ ಪರಿಗಣನೆಯಾಯಿತು. ಹೆಂಡತಿ ಪೆಟ್ರೊನೆಲ್ಲಾ ಅದನ್ನು ಕಂಪನಿ ಸರ್ಕಾರಕ್ಕೆ ಒಂದು ಲಕ್ಷ ರೂಪಾಯಿಗೆ ಮಾರಿದರು. ಪಟ್ಟಿ ಮಾಡಿದವರು ಸಂಸ್ಕೃತ ವಿದ್ವಾಂಸ ಎಚ್.ಎಚ್. ವಿಲ್ಸನ್, 1828ರಲ್ಲಿ. ಲೆಕ್ಕ ನೋಡಿ: ಗ್ರಂಥಗಳ ಹಸ್ತಪ್ರತಿ 1,568, ಸ್ಥಳೀಯ ವೃತ್ತಾಂತಗಳು 2,070, ಶಾಸನಗಳ ನಕಲು 8,076, ಚಿತ್ರಗಳು 2,630, ನಾಣ್ಯಗಳು 6,218. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕ ಶುರುವಾಗಲು ಇನ್ನೂ ಆರು ದಶಕ ಬಾಕಿ ಇದ್ದ ಕಾಲದ ಮಾತಿದು.

ಆಮೇಲೆ ಪಾಲು ಹಂಚಿಕೆ. ಚಿತ್ರ, ನಾಣ್ಯ, ಸಂಸ್ಕೃತ ಮತ್ತಿತರ ಹಸ್ತಪ್ರತಿಗಳ ಹಲವು ಕಂತುಗಳು ಲಂಡನ್ನಿಗೆ ಹಡಗು ಹತ್ತಿದವು. ದಕ್ಷಿಣದ ಭಾಷೆಗಳ ಹಸ್ತಪ್ರತಿ, ಕೈಫಿಯತ್ತುಗಳ ದೊಡ್ಡ ಭಾಗ ಮದ್ರಾಸಿಗೆ ವಾಪಸ್ ಬಂತು. ಈಗ ಅವು ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿವೆ.

ಇಲ್ಲಿ ಲಕ್ಷ್ಮಯ್ಯನಿಗೆ ಆದದ್ದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಮೆಕೆಂಜಿ ಸತ್ತ ಮೇಲೆ ಉಳಿದ ಕೆಲಸವನ್ನು ತಾನು ಮುಂದುವರಿಸುತ್ತೇನೆ ಎಂದು ಆತ ಸರ್ಕಾರಕ್ಕೆ ಅರ್ಜಿ ಹಾಕಿದ. ಎರಡೂವರೆ ದಶಕ ಆ ಕಾಗದಗಳ ನಡುವೆಯೇ ಬದುಕಿದವನು, ಯಾವ ಕಟ್ಟಿನಲ್ಲಿ ಯಾವ ಊರಿದೆ ಎಂದು ಗೊತ್ತಿದ್ದವನು. 1830ರ ದಶಕದಲ್ಲಿ ಅರ್ಜಿ ಕಲ್ಕತ್ತಾದ ಏಷಿಯಾಟಿಕ್ ಸೊಸೈಟಿಯ ಅಭಿಪ್ರಾಯಕ್ಕೆ ಹೋಯಿತು. ಬ್ರಾಹ್ಮಿ ಲಿಪಿ ಓದಿ ಹೆಸರಾದ ಜೇಮ್ಸ್ ಪ್ರಿನ್ಸೆಪ್ ಆಗ ಅಲ್ಲಿದ್ದ. ದೇಶೀಯನೊಬ್ಬನಿಗೆ ಇಂಥ ವಿಮರ್ಶೆಯ ಕೆಲಸ ಆಗದು ಎಂಬ ಧಾಟಿಯಲ್ಲಿ ಅರ್ಜಿಯನ್ನು ತಳ್ಳಿಹಾಕಲಾಯಿತು. ಕೆಲಸ ವಿಲಿಯಂ ಟೇಲರ್ ಎಂಬ ಪಾದ್ರಿಗೆ ಹೋಯಿತು. ಸಂಗ್ರಹಕ್ಕೆ ಮೆಕೆಂಜಿಯ ಹೆಸರು ಶಾಶ್ವತವಾಗಿ ಉಳಿಯಿತು, ಕಾವಲಿ ಸೋದರರದ್ದು ಸಂಶೋಧಕರ ಅಡಿಟಿಪ್ಪಣಿಗೆ ಇಳಿಯಿತು. ಮೆಕೆಂಜಿ ತನ್ನ ಚಿತ್ರದಲ್ಲಾದರೂ ಅವರಿಗೆ ಜಾಗ ಕೊಟ್ಟಿದ್ದ.

ಕನ್ನಡದ ಮಟ್ಟಿಗೆ ಈ ಪಾಲು ಸ್ವಲ್ಪವಾದರೂ ಮನೆಗೆ ಬಂದದ್ದು 1994ರಲ್ಲಿ. ಎಂ.ಎಂ. ಕಲಬುರ್ಗಿ ಅವರು ಸಂಪಾದಿಸಿದ ಕರ್ನಾಟಕದ ಕೈಫಿಯತ್ತುಗಳು ಸಂಪುಟವನ್ನು ಹಂಪಿ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿತು. ನಿಮ್ಮ ಊರು ಅದರಲ್ಲಿದೆಯೇ ಎಂದು ಒಮ್ಮೆ ತಿರುವಿ ನೋಡುವುದು ಒಳ್ಳೆಯದು.

ಮೆಕೆಂಜಿಯ ಆ ವರ್ಣಚಿತ್ರ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಸ್ವತ್ತು. ಅಮರಾವತಿಯ ಚಿತ್ರಗಳೂ ಅಲ್ಲೇ ಇವೆ. 2017ರಲ್ಲಿ ಸ್ಟೋರ್ನೊವೇಯಲ್ಲಿ ಮೆಕೆಂಜಿ ಸಂಗ್ರಹದ ಪ್ರದರ್ಶನ ನಡೆದಾಗ ಈ ಚಿತ್ರ ಆತನ ಹುಟ್ಟೂರಿಗೆ ಹೋಗಿತ್ತು. ಕಾರ್ಕಳಕ್ಕೆ ಬಂದಿಲ್ಲ.

ದೆಹಲಿಯಲ್ಲಿ ಏನಿದೆ?

ಗ್ರಂಥ, ಕೈಫಿಯತ್ತು ಮೆಕೆಂಜಿಯ ಖಾಸಗಿ ಸ್ವತ್ತಾದರೆ, ನಕ್ಷೆಗಳ ಕಥೆ ಬೇರೆ. ಅವು ಸರ್ಕಾರಿ ದಾಖಲೆ. ಪ್ರತಿಗಳು ಲಂಡನ್ನಿಗೂ ಹೋದವು, ಕಲ್ಕತ್ತಾದ ಸರ್ವೆ ಕಚೇರಿಯಲ್ಲೂ ಉಳಿದವು. ಕಲ್ಕತ್ತಾದ ಹಳೆಯ ನಕ್ಷೆಗಳು ಕಾಲಕ್ರಮೇಣ ದೆಹಲಿ ಸೇರಿದವು. ಪತ್ರಾಗಾರ ಕೂಡ ಮೂಲತಃ ಕಲ್ಕತ್ತಾದ್ದೇ. 1891ರ ಮಾರ್ಚ್ 11ರಂದು ಇಂಪೀರಿಯಲ್ ರೆಕಾರ್ಡ್ ಡಿಪಾರ್ಟ್‌ಮೆಂಟ್ ಎಂಬ ಹೆಸರಲ್ಲಿ ಅಲ್ಲಿ ಶುರುವಾಗಿ, ರಾಜಧಾನಿಯ ಹಿಂದೆಯೇ ದೆಹಲಿಗೆ ಬಂತು. ಈಗಿನ ಕಟ್ಟಡ ಸಿದ್ಧವಾದದ್ದು 1926ರಲ್ಲಿ.

ಸರ್ವೆ ಇಲಾಖೆಯ ನಕ್ಷೆಗಳಲ್ಲಿ 1742ರಿಂದ 1872ರವರೆಗಿನವುಗಳ ಪಟ್ಟಿಯನ್ನು ಪತ್ರಾಗಾರ 1982ರಲ್ಲಿ ಪುಸ್ತಕವಾಗಿ ತಂದಿತು. 1773ರಿಂದ 1866ರವರೆಗಿನ ಸರ್ವೆ ವರದಿ ಪುಸ್ತಕಗಳಿಗೆ ಇನ್ನೊಂದು ಪಟ್ಟಿ ಇದೆ. ನಿವೃತ್ತ ಸರ್ವೆ ಅಧಿಕಾರಿ ಆರ್.ಎಚ್. ಫಿಲಿಮೋರ್ 1945ರಿಂದ ಡೆಹ್ರಾಡೂನ್‌ನಲ್ಲಿ ಅಚ್ಚು ಹಾಕಿಸಿದ ಸರ್ವೆ ಇಲಾಖೆಯ ಇತಿಹಾಸ ಸಂಪುಟಗಳಲ್ಲಿ ಮೈಸೂರು ಸರ್ವೆಯ ದಿನದಿನದ ಕಷ್ಟಸುಖ ಸಿಗುವುದು ಇಂಥ ಕಾಗದಗಳ ಬಲದಿಂದಲೇ.

ನಕ್ಷೆ ಕಾಪಾಡುವುದು ಪುಸ್ತಕ ಕಾಪಾಡಿದಷ್ಟು ಸುಲಭವಲ್ಲ. ದೊಡ್ಡ ಹಾಳೆ ಮಡಚಿದಲ್ಲೇ ಸೀಳುತ್ತದೆ. ಹಸಿರು ಬಣ್ಣಕ್ಕೆ ತಾಮ್ರದ ಅಂಶ ಬಳಸಿದ್ದರೆ ಅದು ಕಾಲ ಕಳೆದಂತೆ ಕಾಗದವನ್ನೇ ತಿನ್ನುತ್ತದೆ. ಅಂದರೆ ಕಾಡು, ತೋಪು ತೋರಿಸಿದ ಜಾಗವೇ ಮೊದಲು ಪುಡಿಯಾಗುವುದು. ದೆಹಲಿಯ ಸೆಕೆ, ಧೂಳಿನ ಬಗ್ಗೆ ಇಲ್ಲಿರುವ ಕನ್ನಡಿಗರಿಗೆ ಹೇಳಬೇಕಿಲ್ಲ. ದುಬಾರಿ ಯಂತ್ರವಿಲ್ಲದೆ, ತೆಳು ಹಾಳೆಯನ್ನು ಅಸಿಟೋನ್ ಸವರಿ ಕೈಯಿಂದಲೇ ಅಂಟಿಸಿ ಹಳೆ ಕಾಗದ ಗಟ್ಟಿ ಮಾಡುವ ವಿಧಾನವನ್ನು 1950ರ ದಶಕದಲ್ಲಿ ರೂಪಿಸಿದ್ದು ಇದೇ ಪತ್ರಾಗಾರ. ಬೇರೆ ದೇಶಗಳ ದಾಖಲೆ ಸಂರಕ್ಷಕರೂ ಅದನ್ನು ಬಳಸಿದರು.

ಸೆಂಟ್ರಲ್ ವಿಸ್ಟಾ ಯೋಜನೆಯಲ್ಲಿ ಪತ್ರಾಗಾರದ ಹಳೆ ಕಟ್ಟಡ ಉಳಿಸಿ ಪಕ್ಕದ ಅನೆಕ್ಸ್ ತೆರವು ಮಾಡುವ ಪ್ರಸ್ತಾಪ ಬಂದಾಗ, 2021ರಲ್ಲಿ, ದಾಖಲೆಗಳನ್ನು ಎಲ್ಲಿಗೆ, ಹೇಗೆ ಸಾಗಿಸುತ್ತೀರಿ ಎಂದು ಇತಿಹಾಸಕಾರರು ಸಾರ್ವಜನಿಕವಾಗಿ ಪ್ರಶ್ನಿಸಿದ್ದರು. ಇಂಥ ಹಾಳೆಗಳನ್ನು ಒಮ್ಮೆ ಎತ್ತಿ ಇಡುವುದೆಂದರೆ ಎಷ್ಟು ಅಪಾಯ ಎಂದು ಗೊತ್ತಿದ್ದವರ ಪ್ರಶ್ನೆ ಅದು. ಸರ್ಕಾರ ಎಲ್ಲವೂ ಸುರಕ್ಷಿತ ಎಂದಿತ್ತು.

ಕಾಗದ ಉಳಿದರೆ ಯಾರಿಗೆ ಲಾಭ? ಕೆರೆಯ ಅಂಗಳದಲ್ಲಿ ಲೇಔಟ್ ಎದ್ದು, ಇಲ್ಲಿ ಕೆರೆಯೇ ಇರಲಿಲ್ಲ ಎಂದು ವಾದಿಸುವ ಕಾಲವಿದು. ಎರಡು ಶತಮಾನದ ಹಿಂದೆ ಒಂದು ಪರಗಣೆಯಲ್ಲಿ ಎಷ್ಟು ಕೆರೆ ಇತ್ತು ಎಂದು ಎಣಿಸಿ ಬರೆದಿಟ್ಟ ಪುಸ್ತಕ ಕಂದಾಯ ದಾಖಲೆಗೆ ಬದಲಿಯಾಗಲಾರದು, ಆದರೆ ಹುಡುಕಾಟ ಎಲ್ಲಿಂದ ಶುರು ಮಾಡಬೇಕು ಎಂದು ಹೇಳಬಲ್ಲದು.

ಹುಡುಕುವವರಿಗೆ ಕೊನೆಯದಾಗಿ ಒಂದು ಸೂಚನೆ. ಪತ್ರಾಗಾರದ ಅಭಿಲೇಖ್ ಪಟಲ್ ಪೋರ್ಟಲ್‌ನಲ್ಲಿ ದಾಖಲೆಗಳ ಪಟ್ಟಿಯನ್ನು ಮನೆಯಿಂದಲೇ ನೋಡಬಹುದು. ಆದರೆ ಊರಿನ ಹೆಸರನ್ನು ಈಗಿನ ಸ್ಪೆಲ್ಲಿಂಗ್‌ನಲ್ಲಿ ಹಾಕಿದರೆ ಹೆಚ್ಚೇನೂ ಸಿಗುವುದಿಲ್ಲ. ಸರ್ವೆಯವರ ಕಿವಿಗೆ ಕೇಳಿದಂತೆ ಬರೆದ ಹೆಸರುಗಳವು. ಶ್ರೀರಂಗಪಟ್ಟಣಕ್ಕೆ ಸೆರಿಂಗಪಟಂ, ಚಿತ್ರದುರ್ಗಕ್ಕೆ ಚಿತ್ತಲ್‌ಡ್ರೂಗ್, ನಂದಿದುರ್ಗಕ್ಕೆ ನಂದಿಡ್ರೂಗ್ ಎಂದು ಹಾಕಿ ನೋಡಿ. ಚಿಕ್ಕ ಹಳ್ಳಿಯಾದರೆ ಮೂರು ನಾಲ್ಕು ಬಗೆಯ ಸ್ಪೆಲ್ಲಿಂಗ್ ಪ್ರಯತ್ನಿಸಬೇಕಾಗುತ್ತದೆ.